ನಾದಿನಿ ಸಿಕ್ಕಿದಳು

ಮಾರ್ಚ್ ೪

...ಅಲ್ಲ, ನಿನ್ನೆ ಬರೆದದ್ದು ಸರಿಯಿಲ್ಲ. ಪ್ಲೇಟು ಮಗುಚಿ ಇಟ್ಟವಳು ನನ್ನವಳೇ. ನಾನು ಪಕ್ಕದಲ್ಲಿ ನಿಂತು ಹರಟುತ್ತಿದ್ದೆ, ಅಷ್ಟೇ. ಆಗಿನ್ನೂ ಮದುವೆಯಾಗಿರಲಿಲ್ಲ. ವೀಕ್ಷಣಾಲಯದ ಡಾರ್ಕ್‌ರೂಮಿನಲ್ಲಿ ಆಕಾಶದ ಫೋಟೋ ಬಿದ್ದ ಗಾಜಿನ ಪ್ಲೇಟು ತೊಳೆಯುವುದು ನನ್ನ ಕೆಲಸ. ಒಣಗಿದ ಮೇಲೆ ಲೆನ್ಸಿನಡಿ ಇಟ್ಟು ಅಳೆಯುವುದು ಅವಳದು. ಪ್ಲೇಟು ಕೊಡಲು ಹೋದವನು ಹೊರಡುತ್ತಲೇ ಇರಲಿಲ್ಲ.

ನಕ್ಷತ್ರಗಳೆಲ್ಲ ಚುಕ್ಕಿ. ನಡುವೆ ಒಂದು ಸಣ್ಣ ಗೀರು — ಸರಿಯುತ್ತಿರುವ ಕಲ್ಲು. ಆಸ್ಟರಾಯ್ಡ್. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುವ ಲಕ್ಷಾಂತರ ಚೂರುಗಳಲ್ಲಿ ಒಂದು. ಯಾರೂ ಕಾಣದ್ದನ್ನು ಕಂಡಳು. ಆದರೆ ಗಾಜು ಮಗುಚಿತ್ತಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಕಲ್ಲು ಅತ್ತ ಹೋಗುತ್ತಿದ್ದರೆ ನಮ್ಮವರು ಟೆಲಿಸ್ಕೋಪನ್ನು ಇತ್ತ ತಿರುಗಿಸಿದರು. ತಪ್ಪು ಗೊತ್ತಾಗುವ ಹೊತ್ತಿಗೆ ಮೋಡ. ಕಲ್ಲು ಕಳೆದೇ ಹೋಯಿತು.

"ನಿಮ್ಮ ಬಾಯಿಂದಲೇ ಆಗಿದ್ದು!" ಕೊನೆಯವರೆಗೂ ಅವಳದು ಇದೇ ರಾಗ.

ಮಾರ್ಚ್ ೫

ಮದುವೆಯಾದ ಮೇಲೆ ಆ ಕಲ್ಲಿಗೆ ನಾದಿನಿ ಎಂದು ಹೆಸರಿಟ್ಟಳು. "ನಿಮ್ಮ ತಂಗಿ ಕಣ್ರೀ ಅವಳು. ಹೇಳದೆ ಕೇಳದೆ ಹೋದ್ಲು. ಹಾಗೇ ಒಂದಿನ ಬಂದು ನಿಲ್ತಾಳೆ, ನೋಡ್ತಿರಿ." ಮಗಳು ಇದನ್ನೇ ಕೇಳಿ ಬೆಳೆದು, ಶಾಲೆಯಲ್ಲಿ "ನಮ್ಮತ್ತೆ ಕಳೆದುಹೋಗಿದಾರೆ" ಎಂದಳು. ಟೀಚರು ನನ್ನನ್ನು ಕರೆಸಿ ಮೆತ್ತಗೆ, "ಪೊಲೀಸ್ ಕಂಪ್ಲೇಂಟ್ ಕೊಟ್ರಾ?"

ನಗು ಬಂತು. ಹೇಳಿ ನಗೋಣವೆಂದರೆ... ಮಂಚದಲ್ಲಿ ಅವಳು ಮಲಗುತ್ತಿದ್ದ ಕಡೆ ಈಗ ಬರೀ ಮಡಚಿಟ್ಟ ಬಟ್ಟೆ.

ಮಾರ್ಚ್ ೧೧, ಬೆಳಿಗ್ಗೆ

ವೀಕ್ಷಣಾಲಯದ ಈಗಿನ ಡೈರೆಕ್ಟರ್ ಮೇಡಂ ಫೋನು. ಸಣ್ಣ ವಯಸ್ಸು, ಮಾತು ಚುರುಕು.

"ಸರ್, ನಿಮ್ಮ ಕಲ್ಲು ಸಿಕ್ತು! ಹಳೇ ಪ್ಲೇಟಿನ ಅಳತೆ ಸರಿಪಡಿಸಿ ಹೊಸ ಫೋಟೋಗಳ ಜೊತೆ ಕೂಡಿಸಿದ್ವಿ. ಆರ್ಬಿಟ್ ಪಕ್ಕಾ ಆಯ್ತು. ಪಟ್ಟಿಯಲ್ಲಿ ನಂಬರೂ ಬಂತು. ಕಂಡುಹಿಡಿದವರು ಅಂತ ನಿಮ್ಮ ಮನೆಯವರ ಹೆಸರೇ ಇದೆ."

ಪೊಯೆಟಿಕ್ ಜಸ್ಟಿಸ್, ಕೊನೆಗೆ ಸಲ್ಲಬೇಕಾದವರಿಗೇ ಸಲ್ಲುವ ನ್ಯಾಯ — ಕಾಲೇಜಿನಲ್ಲಿ ಓದಿದ್ದೆ. ಅರ್ಥ ಇದೇ ಇರಬೇಕು.

ಈಗ ಹೆಸರಿಡಬೇಕಂತೆ. ಅವಳಿಲ್ಲವಾದ್ದರಿಂದ ನಾನು ಸೂಚಿಸಬೇಕು. ಶುಕ್ರವಾರ ಸಂಜೆಯೊಳಗೆ. ಹೆಸರುಗಳನ್ನು ನೋಡುವ ಕಮಿಟಿ ಒಪ್ಪಿದರೆ ಶಾಶ್ವತ, ಮತ್ತೆ ಬದಲಿಸುವಂತಿಲ್ಲ.

ಮಾರ್ಚ್ ೧೨

ಮಗಳು ಬಂದಿದ್ದಳು.

"ಅಮ್ಮನ ಹೆಸರೇ. ಬೇರೆ ಮಾತೇ ಇಲ್ಲ."

"ನಾದಿನಿ ಅಂತ ಅವಳೇ ಕರೀತಿದ್ಳಲ್ಲೇ."

"ಅದು ತಮಾಷೆ ಅಪ್ಪಾ. ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡ. ಇಷ್ಟು ವರ್ಷದಲ್ಲಿ ಅಮ್ಮನ್ನ ಹೆಸರು ಹಿಡಿದು ಕರೆದಿದೀಯಾ?"

ಡಾರ್ಕ್‌ರೂಮಿನ ಕಾಲದಲ್ಲಿ 'ಮಿಸ್' ಎನ್ನುತ್ತಿದ್ದೆ. ಆಮೇಲೆ ಏನೇ, ಇಲ್ನೋಡೇ, ಬಾರೇ. ಒಂದೇ ಕೂಗಿಗೆ ಬರುತ್ತಿದ್ದಳು, ಹೆಸರು ಯಾಕೆ ಬೇಕಿತ್ತು?

"ಅಮ್ಮ ಒಂದಿನ ಹೇಳಿದ್ಳು, 'ನಿಮ್ಮಪ್ಪನ ಬಾಯಲ್ಲಿ ನನ್ನ ಹೆಸರು ಹೇಗಿರುತ್ತೋ, ಕೇಳೇ ಇಲ್ಲ ನೋಡು' ಅಂತ. ನಗ್ತಾನೇ ಹೇಳಿದ್ಳು."

ನನಗೆ ಹೇಳಿರಲಿಲ್ಲ. ಮಗಳು ಲೋಟ ತೊಳೆದಿಟ್ಟು ಹೋದಳು.

ಶುಕ್ರವಾರ, ಸಂಜೆ

ಎರಡು ದಿನ ಏನೂ ಬರೆದಿಲ್ಲ. ನಾದಿನಿ ಎಂದೇ ಹೇಳುವುದೆಂದು ನಿರ್ಧರಿಸಿದ್ದೆ. ಅವಳ ಹೆಸರಿಟ್ಟು ಅಷ್ಟು ದೂರದ ಚಳಿಯಲ್ಲಿ ಒಬ್ಬಳನ್ನೇ ಸುತ್ತಲು ಬಿಡುವುದೇ? ಮನಸ್ಸು ಬರಲಿಲ್ಲ. ಮೇಡಂಗೆ ಅರ್ಥ ವಿವರಿಸಲು ಇಂಗ್ಲಿಷನ್ನೂ ರೆಡಿ ಮಾಡಿಕೊಂಡಿದ್ದೆ — ಸಿಸ್ಟರ್ ಇನ್ ಲಾ, ಹಸ್‌ಬೆಂಡ್ ಸೈಡ್.

ಫೋನು ಹಚ್ಚಿದೆ. "ಹೇಳಿ ಸರ್" ಎಂದರು. ಬಾಯಿಂದ ಅವಳ ಹೆಸರು ಬಂತು.

"ಲೈನ್ ಸರಿಯಿಲ್ಲ ಸರ್. ಇನ್ನೊಂದ್ಸಲ?"

ಹೇಳಿದೆ.

"ಸ್ವಲ್ಪ ಜೋರಾಗಿ..."

ಜೋರಾಗಿ ಹೇಳಿದೆ. ಕಿಟಕಿಯಾಚೆ ಪಕ್ಕದ ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಕತ್ತೆತ್ತಿದ.

"ಬರ್ಕೊಂಡೆ ಸರ್. ಚೆನ್ನಾಗಿದೆ ಹೆಸರು."

ಚೆನ್ನಾಗಿದೆ. ಹೌದು. ನಾಲಿಗೆಗೆ ಹೊಸದು, ಮಧ್ಯದಲ್ಲಿ ಸ್ವಲ್ಪ ಎಡವುತ್ತದೆ. ಫೋನಿಟ್ಟ ಮೇಲೂ ಒಂದು ಸಲ ಕರೆದೆ, ಅಡುಗೆಮನೆಯ ಕಡೆ ತಿರುಗಿ, ಮೆಲ್ಲಗೆ. ಆಮೇಲೆ...

ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಏಳಬೇಕು...