ಹಗ್ಗ ಹಿಡಿದವಳ ಪಾಲು

ಅಜ್ಜಾ,

ಆಸ್ಪತ್ರೆಯ ಶೈಲಕ್ಕ ಮೊದಲ ಸಲ ಭಾವಿಕೇರಿಯ ನಮ್ಮ ಮನೆಗೆ ಬಂದದ್ದು ನೆನಪಿದೆಯೇ? ಹಾಗೆಲ್ಲ ನಿನ್ನನ್ನು ಕೇಳಬಾರದೆಂದು ಅವಳೇ ಹೇಳಿದ್ದಳು. ಈಗ ಕೇಳಬಹುದೇನೋ. ಮರೆವಿನ ಕಾಯಿಲೆಯವರ ಕೈಗೆ ಕೆಲಸ ಕೊಡಬೇಕು, ಆಗ ತಲೆಯೂ ಸುಮ್ಮನೆ ಕೂರುವುದಿಲ್ಲ ಎನ್ನುತ್ತ, ಕಾರವಾರದ ಆಸ್ಪತ್ರೆಯಿಂದ ತಂದ ಬಣ್ಣದ ಮಣಿಗಳನ್ನೂ ನಾಲ್ಕು ಬಟ್ಟಲುಗಳನ್ನೂ ನಿನ್ನ ಮುಂದಿಟ್ಟಳು. ಕೆಂಪು ಒಂದರಲ್ಲಿ, ನೀಲಿ ಇನ್ನೊಂದರಲ್ಲಿ. ನೀನು ಬಟ್ಟಲುಗಳನ್ನು ಅತ್ತ ತಳ್ಳಿ, ಎಲ್ಲ ಬಣ್ಣ ಬೆರೆಸಿ ನೆಲದ ಮೇಲೆ ಗುಡ್ಡೆ ಹಾಕಿದೆ. ಅವಳು ಹಾಳೆಯಲ್ಲಿ ತಪ್ಪೆಂದು ಗುರುತು ಹಾಕಿದಳು.

ಅವಳು ಹೋದ ಮೇಲೆ ನಾನು ನಿನ್ನ ಕೈಗೆ ಹೊಡೆದೆ. ಮೆಲ್ಲಗೆ, ಆದರೂ ಹೊಡೆದೆ. "ಬಣ್ಣ ಬ್ಯಾರೆ ಮಾಡೂಕೂ ಬರೂದಿಲ್ವ ನಿಂಗೆ?" ಎಂದೆ. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ಬೈಯುತ್ತಿದ್ದ ದನಿ ಅದು. ಆ ದನಿ ಕೇಳಲಾಗದೆ ಶಾಲೆ ಬಿಟ್ಟವಳು ನಾನು. ನನ್ನ ಬಾಯಿಂದಲೇ ಅದು ಬಂತಲ್ಲ...

ಸಣ್ಣವಳಿದ್ದಾಗ ಊರೆಲ್ಲ ಸೇರಿ ರಂಪಣಿ ಬಲೆಯನ್ನು ಕಡಲಿಂದ ದಡಕ್ಕೆ ಎಳೆಯುವ ಹೊತ್ತಿಗೆ ನೀನು ನನ್ನ ಕೈಗೂ ಹಗ್ಗ ಕೊಡುತ್ತಿದ್ದೆ. ಬಂದ ಮೀನನ್ನು ಹಗ್ಗ ಹಿಡಿದವರಿಗೆಲ್ಲ ಪಾಲು ಹಾಕುವವನು ನೀನೇ. ಬಂಗಡೆ, ತಾರ್ಲೆ, ದೊಡ್ಡದು, ಸಣ್ಣದು ಎಲ್ಲ ಗುಡ್ಡೆಯಲ್ಲೂ ಬೆರೆತಿರಬೇಕು, ಇಲ್ಲದಿದ್ದರೆ ಜಗಳ. ಮಣಿಯಲ್ಲಿ ನೀನು ಮಾಡಿದ್ದೂ ಅದನ್ನೇ ಎಂದು ಹೊಳೆದಾಗ ನನಗೆ ಅನ್ನ ಇಳಿಯಲಿಲ್ಲ. ಮುಂದಿನ ವಾರ ಶೈಲಕ್ಕನಿಗೆ ಹೇಳಿದೆ. "ಅಯ್ಯೋ ಮಾರಾಯ್ತಿ, ಹಂಗಾರೆ ತಪ್ಪು ಅಜ್ಜಂದಲ್ಲ, ನಂದು!" ಎಂದು ಆ ಗುರುತನ್ನು ಹೊಡೆದುಹಾಕಿದಳು.

ಆಮೇಲೆ ನಮ್ಮದೇ ಕಸರತ್ತು ಶುರುವಾಯಿತು. ಹಗ್ಗದ ಒಂದು ತುದಿ ನಿನಗೆ, ಒಂದು ನನಗೆ. ಎಳೆದು ದಣಿದ ಮೇಲೆ ನಾನು ಸಮುದ್ರದ ದಂಡೆಯಿಂದ ಆರಿಸಿ ತಂದ ಚಿಪ್ಪುಗಳನ್ನು ನೀನು ಪಾಲು ಹಾಕಬೇಕು. "ಸಮ ಎಳಿಯೆ, ಉಂಡಿಲ್ವ ನೀನು?" ಎಂದು ನೀನು ಬೈಯುತ್ತಿದ್ದೆ. ಎಷ್ಟು ದಿನದ ಮೇಲೆ ನಿನ್ನ ಬೈಗುಳ ಕೇಳಿದ್ದು!

ಹೀಗೇ ಒಂದು ಮಧ್ಯಾಹ್ನ ನೀನು ಚಿಪ್ಪಿನ ಗುಡ್ಡೆಯೊಂದನ್ನು ನನ್ನ ಕಡೆ ನೂಕಿದೆ. ಅಷ್ಟರಲ್ಲಾಗಲೇ ನೀನು ನನ್ನ ಹೆಸರು ಹಿಡಿದು ಕರೆದು ತಿಂಗಳುಗಳಾಗಿದ್ದವು. ಆಸೆ ತಡೆಯಲಿಲ್ಲ. ಕೇಳಬಾರದ್ದನ್ನು ಕೇಳಿಯೇಬಿಟ್ಟೆ.

"ಅಜ್ಜಾ, ನಾ ಯಾರು ಹೇಳು?"

ನೀನು ನನ್ನ ಮುಖ ನೋಡಿದೆ. "ಯಾರ ಮಗ್ಳೋ, ನಂಗೊತ್ತಿಲ್ಲ. ಹಗ್ಗ ಹಿಡ್ದೀಯಲ್ಲ, ತಕೋ."

ಅಜ್ಜ ಗುರುತು ಹಿಡಿದ ಎಂದು ಅಮ್ಮನಿಗೆ ಹೇಳಿದ್ದರೆ ಅವಳು ಹಿಗ್ಗುತ್ತಿದ್ದಳು. ಹೇಳಲಿಲ್ಲ. ನೀನು ಗುರುತು ಹಿಡಿಯಲಿಲ್ಲ. ಅತ್ತುಬಿಟ್ಟೆ ನಾನು. ಆದರೆ ಯಾರೆಂದೇ ತಿಳಿಯದವಳಿಗೂ ಪಾಲು ತಪ್ಪಿಸಲಿಲ್ಲವಲ್ಲ ನೀನು, ಅದಕ್ಕೇನು ಹೆಸರು?

ನೀನು ತೀರಿಕೊಂಡ ಮೇಲಿನ, ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಈಗ ವಾರಕ್ಕೆರಡು ದಿನ ಶೈಲಕ್ಕನ ಜೊತೆ ಅಮದಳ್ಳಿಗೆ ಹೋಗುತ್ತೇನೆ. ಅಲ್ಲೊಬ್ಬಳು ಅಜ್ಜಿ ಇದ್ದಾಳೆ, ನಿನ್ನದೇ ಕಾಯಿಲೆ. ಮಣಿ ತೆಗೆಯುವ ಮೊದಲು ಅವಳ ಮನೆಯವರನ್ನು ನಾನು ಕೇಳಿದ್ದು ಒಂದೇ, "ಇವ್ರು ಮೊದ್ಲು ಎಂತ ಕೆಲ್ಸ ಮಾಡ್ತಿದ್ರು?" ಹೂ ಕಟ್ಟುತ್ತಿದ್ದಳಂತೆ. ಹೂವೂ ಬಾಳೆನಾರೂ ಕೊಟ್ಟೆವು. ಬೆರಳುಗಳು ತಾವೇ ಓಡಿದವು. ಶಾಲೆಗೆ ಮಾತ್ರ ವಾಪಸು ಹೋಗಿಲ್ಲ, ಸುಳ್ಳು ಹೇಳಲಾರೆ.

ನಿನ್ನ ಚಿಪ್ಪುಗಳ ಡಬ್ಬಿ ಈಗ ಶೈಲಕ್ಕನ ಚೀಲದಲ್ಲಿದೆ. ಮೊನ್ನೆ ಡಬ್ಬಿ ಅಲ್ಲಾಡಿಸಿ, "ಇದ್ರಲ್ಲಿ ಕಮ್ಮಿ ಇದೆಯಲ್ಲೆ, ಕಳೆದ್ಯ?" ಎಂದಳು.

"ಕಳೀಲಿಲ್ಲ. ಅದು ನನ್ನ ಪಾಲು," ಎಂದೆ. "ಕೊಡೂದಿಲ್ಲ."

ನಿನ್ನ
ಸುಮಿ