ದೇವರ ಮಂಟಪದ ಹಿಂದಿನ ಗೋಡೆ

ಚಿಕ್ಕಪ್ಪ,

ಇವತ್ತು ಕ್ಯಾಂಪ್‌ಬೆಲ್ ಊರಿನ ಈ ಮನೆಯ ಹಳೆಯ ಪೈಪುಗಳನ್ನೆಲ್ಲ ಕಿತ್ತು ಮುಗಿಯಿತು. ಬೂದು ಬಣ್ಣದ ಪ್ಲಾಸ್ಟಿಕ್ಕಿನವು. ಪಾಲಿಬ್ಯುಟಿಲೀನ್ ಅಂತೆ, ಒಳಗಿಂದಲೇ ಬಿರುಕು ಬಿಡುತ್ತವಂತೆ. ಇನ್ನು ಎಲ್ಲ ಕಡೆ ತಾಮ್ರ.

ನಿಮ್ಮ ಸ್ಟಾರ್ಟಪ್ಪು ಮುಚ್ಚಿ, ಈ ಮನೆಯನ್ನು ನಮಗೆ ಮಾರಿ ಡಲ್ಲಾಸಿಗೆ ಹೊರಟಾಗ, ಕೊಳ್ಳುವ ಮೊದಲು ಒಮ್ಮೆ ಇನ್‌ಸ್ಪೆಕ್ಷನ್ ಮಾಡಿಸೋಣ ಎಂದವರು ಅಮ್ಮ. "ತಮ್ಮನ ಮನೆಗೆ ಎಂಥ ಇನ್‌ಸ್ಪೆಕ್ಷನ್ನೇ?" ಎಂದು ಅಪ್ಪ ನಕ್ಕರು. ನೀವು ದೇವರ ಮಂಟಪ ತೋರಿಸಿ, "ಇದನ್ನ ಮಾತ್ರ ಜರುಗಿಸ್ಬೇಡಿ ಅತ್ತಿಗೆ, ವಾಸ್ತು ಕೆಡುತ್ತೆ" ಅಂದಿರಿ. ಅಮ್ಮ ದಿನಾ ಅಲ್ಲೇ ದೀಪ ಹಚ್ಚಿದರು.

ಬೆಳಿಗ್ಗೆ ಪ್ಲಂಬರ್ ಅದನ್ನು ಜರುಗಿಸಿದ. ಹಿಂದೆ ಗೋಡೆಗೆ ತೇಪೆ ಹಾಕಿ ಬಣ್ಣ ಬಳಿದಿತ್ತು. ಒಡೆದು ನೋಡಿದರೆ, ಸೋರುವ ಪೈಪಿಗೆ ನಿಮ್ಮ ಕೆಂಪು ಗೆರೆಯ ಟವೆಲ್ಲಿನದೇ ಪಟ್ಟಿ ಬಿಗಿದಿತ್ತು.

"ಅವನಿಗೂ ಗೊತ್ತಿರ್ಲಿಲ್ವೇನೋ, ಪಾಪ" ಅಂದರು ಅಮ್ಮ. ಅಪ್ಪ ಆ ಪಟ್ಟಿಯನ್ನು ಬಿಚ್ಚಿ, ಹಿಂಡಿ, ಕಸಕ್ಕೆ ಹಾಕಿದರು.

ನಾನು ಹೈಸ್ಕೂಲು ಬಿಟ್ಟಾಗ ಬೈಯದೆ ಉಳಿದವರು ನೀವೊಬ್ಬರೇ. "ಓದು ಬಿಟ್ರೆ ಬಿಡು ಮಗಾ, ಸುಳ್ಳು ಮಾತ್ರ ಹೇಳ್ಬೇಡ" ಅಂದಿರಿ. ಆ ಮಾತು ಹಿಡಿದುಕೊಂಡೇ ನಾನು ಈ ಮನೆಯಲ್ಲಿ ತಲೆಯೆತ್ತಿ ಓಡಾಡಿದೆ.

ಸಂಜೆ ನಿಮ್ಮ ಫೋನು ಬಂತು. "ಮನೆ ಚೆನ್ನಾಗಿದೆ ಕಣೋ" ಎಂದ ಅಪ್ಪ, ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ಚಾಚಿದರು. "ಪೈಪಿನ ವಿಷಯ ಎತ್ಬೇಡ. ಚೆನ್ನಾಗಿದೀವಿ ಅನ್ನು, ಸಾಕು."

ಆ ಕಡೆಯಿಂದ ನೀವು "ಮಗಾ, ಮಗಾ" ಎಂದು ಕರೆಯುತ್ತಿದ್ದುದು ನನಗೆ ಕೇಳಿಸಿತು. ನಾನು ಫೋನು ಮುಟ್ಟಲಿಲ್ಲ.