ಎರಡು ಸೀಟಿನ ಕಾರಿನವರು

ಬಸವನಗುಡಿ, ಬೆಂಗಳೂರು
14 ನವೆಂಬರ್ 2006, ಮಂಗಳವಾರ

ಪ್ರೀತಿಯ ತಮ್ಮ ವಾದಿಗೆ ಅಕ್ಕನ ಆಶೀರ್ವಾದಗಳು.

ರಾಯಚೂರಿನ ಬಿಸಿಲು ಈಗಲಾದರೂ ಇಳಿದಿದೆಯೇ? ಮೊಣಕಾಲು ನೋವು ಹೇಗಿದೆ? ಮೆಸ್ಸಿನ ಊಟ ಹೊಟ್ಟೆಗೆ ಒಗ್ಗಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಈಗ ನಾನು ಫೋನ್ ಮುಟ್ಟುತ್ತಿಲ್ಲ, ಯಾರಿಗೂ ಮುಟ್ಟಲು ಬಿಡುತ್ತಿಲ್ಲ. ಗಂಡಿನ ಕಡೆಯವರು ಅದೇ ಹೊತ್ತಿಗೆ ಮಾಡಿ ಲೈನ್ ಸಿಗದೆ ಹೋದರೆ ಎಂಬ ಭಯ. ನಿನ್ನ ಭಾವ ನನಗೆ ಹುಚ್ಚು ಹಿಡಿದಿದೆ ಎನ್ನುತ್ತಾರೆ. ಅನ್ನಲಿ.

ನೀನು ತೋರಿಸಿದ ಕುಮಾರ ಪಾರ್ಕಿನ ಸಂಬಂಧದವರು ದೀಪಾವಳಿ ಕಳೆದ ಮೇಲೆ ನಮ್ಮ ಮಗಳು ಧೃತಿಯನ್ನು ನೋಡಲು ಬಂದಿದ್ದರು. ಹುಡುಗ ವಂಶಿ ತನ್ನ ಕಂಪನಿಯದೊಂದು ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ನಮ್ಮ ಬೀದಿಯ ಹಂಪ್ ದಾಟುವಾಗ ಅದರ ಹೊಟ್ಟೆ ಉಜ್ಜಿದ ಸದ್ದಿಗೆ ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. ಅದಕ್ಕೆ ಇರುವುದು ಎರಡೇ ಸೀಟು, ಅವನಿಗೊಂದು, ಅವನ ತಾಯಿಗೊಂದು. ತಂದೆ ಬದರೀನಾರಾಯಣರಾಯರು ಹಣ್ಣು ಹೂವಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನಿಂದ ಆಟೋದಲ್ಲಿ ಬಂದರು. ಕೋಟಿ ಬೆಲೆಯ ಕಾರಿನಲ್ಲಿ ಅಪ್ಪನಿಗೆ ಜಾಗವಿಲ್ಲವೇ ಎಂದು ನಿನ್ನ ಭಾವ ಕೇಳಿಯೇಬಿಟ್ಟರು. ನನಗೆ ಜೀವ ಹೋದಂತಾಯಿತು.

ವಂಶಿ ಬೇಸರಪಡಲಿಲ್ಲ. ಆ ಕಾರಿನ ಹೆಸರು ಕೆಡದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗವಂತೆ. ಕೇಸರಿಬಾತ್ ತಿನ್ನುತ್ತಾ ವಿವರಿಸಿದ. ಕೊಳ್ಳುವವರು ಸೀಟು, ಮೈಲೇಜು ಕೇಳುವುದಿಲ್ಲ. ವೇಗವೂ ನೆಪವೇ, ನಮ್ಮ ರಸ್ತೆಯಲ್ಲಿ ಎಲ್ಲಿ ಓಡಿಸುತ್ತಾರೆ? ಅವರು ಕೊಳ್ಳುವುದು ಹೆಸರನ್ನು. ಎಷ್ಟು ಜನ ಕೇಳುತ್ತಾರೋ ಅದಕ್ಕಿಂತ ಕಡಿಮೆ ಕಾರು ತಯಾರಿಸಬೇಕು, ಒಮ್ಮೆ ಡಿಸ್ಕೌಂಟ್ ಕೊಟ್ಟರೆ ಹೆಸರು ಮುಳುಗಿತು, ದುಡ್ಡು ಹಿಡಿದು ಬಂದವನನ್ನೂ ಒಂದಷ್ಟು ಕಾಲ ಕಾಯಿಸಬೇಕು. ನಾವೆಲ್ಲ ತಲೆಯಾಡಿಸಿದೆವು. ಧೃತಿ ಮಾತ್ರ ಅಷ್ಟು ಕಾಯುವವರಿಗೆ ಬೇರೆ ಕೆಲಸವಿಲ್ಲವೇ ಎಂದಳು. ಅವನು ಬಾಯಿ ತುಂಬ ನಕ್ಕ. ಆ ನಗು ಅವಳಿಗೆ ಹಿಡಿಸಿತು, ನಾನು ನೋಡಿದೆ.

ತಿಳಿಸುತ್ತೇವೆ ಎಂದು ಹೋದವರು ಹೋದರು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಗಾಂಧಿ ಬಜಾರಿಗೆ ಹೋದವಳು ವೀಳ್ಯದೆಲೆಗೆ ದುಡ್ಡು ಕೊಟ್ಟು, ಎಲೆ ಅಲ್ಲೇ ಬಿಟ್ಟು ಓಡಿಬಂದೆ. ಆಫೀಸಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಧೃತಿ ಈಗ ಆಟೋ ಹಿಡಿದು ಬೇಗ ಬರುತ್ತಾಳೆ. ಯಾಕೆಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ.

ನಿನ್ನೆ ವಿಶ್ವೇಶ್ವರಪುರಂನ ಭಾಗೀರಥಮ್ಮ ಮಠದಲ್ಲಿ ಸಿಕ್ಕಿದರು. ಎರಡೂ ಮನೆಗೆ ಬೇಕಾದವರು ತಾನೇ, ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನೋಡಲು ಬಂದ ದಿನವೇ ಹುಡುಗಿ ಅವರೆಲ್ಲರಿಗೂ ಒಪ್ಪಿಗೆಯಾಗಿದ್ದಾಳಂತೆ! ತಡೆದಿರುವುದು ವಂಶಿಯ ತಾಯಿ. "ಇಷ್ಟು ಬೇಗ ಹೂಂ ಅಂದ್ರೆ ನಮ್ಮ ಹುಡುಗನಿಗೆ ಏನು ಬೆಲೆ? ಸ್ವಲ್ಪ ಕಾಯ್ಲಿ ಬಿಡಿ" ಎಂದರಂತೆ. ಸಂತೋಷವೂ ಆಯಿತು, ಮೈಯೆಲ್ಲ ಉರಿದೂ ಹೋಯಿತು. ಧೃತಿಗೆ ಈ ಮಾತು ಹೇಳಿಲ್ಲ.

ಔಷಧಿ ತಪ್ಪಿಸಬೇಡ. ಮಂತ್ರಾಲಯಕ್ಕೆ ಹೋದರೆ ರಾಯರಿಗೆ ನಮ್ಮದೂ ಒಂದು ನಮಸ್ಕಾರ ಹಾಕು.

ನಿನ್ನ ಒಳ್ಳೆಯದನ್ನೇ ಬಯಸುವ ಅಕ್ಕ,
ಪ್ರಿಯಂವದಾ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ಫೋನ್ ಬಂತು. ಬದರೀನಾರಾಯಣರಾಯರು. "ನಮಗೆ ಒಪ್ಪಿಗೆ ಅಮ್ಮ, ಮಾತುಕತೆಗೆ ಯಾವಾಗ ಬರ್ತೀರಿ?" ಎಂದರು. ಹೂಂ ಎನ್ನುವುದು ಬಿಟ್ಟು ನಾನು, "ನಾವಿನ್ನೂ ಯೋಚ್ನೆ ಮಾಡ್ತಿದೀವಿ, ಬೇರೆ ಒಂದೆರಡು ಕಡೇನೂ ಬಂದಿದೆ" ಎಂದುಬಿಟ್ಟೆ. ಯಾಕೆ ಹಾಗಂದೆನೋ ಆ ದೇವರಿಗೇ ಗೊತ್ತು. ಅವರು, "ಹಾಗಾ. ನೀವು ಕಾಯ್ತಿರ್ತೀರಿ ಅಂದ್ಕೊಂಡಿದ್ವಿ. ಆಗ್ಲಿ ಬಿಡಿ" ಎಂದು ಇಟ್ಟುಬಿಟ್ಟರು. ತಿರುಗಿ ಮಾಡಲು ನನಗೆ ಮುಖವಿಲ್ಲ. ನಿನಗೂ ಇದನ್ನು ಬಾಯಲ್ಲಿ ಹೇಳಲಾರೆ, ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಓದಿದ ಕೂಡಲೇ ಅವರಿಗೆ ಫೋನ್ ಮಾಡಪ್ಪ. ಅಕ್ಕ ಜಂಬಕ್ಕೆ ಸುಳ್ಳು ಹೇಳಿದಳು, ಹುಡುಗಿಗೆ ನಿಮ್ಮ ಹುಡುಗನೇ ಬೇಕು ಎಂದು ಹೇಳು. ನನ್ನ ಮರ್ಯಾದೆ ಹೋದರೆ ಹೋಗಲಿ. ಧೃತಿ ಈಗ ತಾನೇ ಬಂದಳು. "ಅವರು ಫೋನ್ ಮಾಡಿದ್ರಾ ಅಮ್ಮ?" ಎಂದು ಕೇಳಿದಳು. ಇಲ್ಲ ಎಂದೆ.